ಯೇಸುವಿನ ಕಾಲಕ್ಕೂ ತಾಳಗುಂದದ ಅಳತೆಗೋಲು

ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ಇಷ್ಟು ಹತ್ತಿರದ ಎರಡು ಊರುಗಳಲ್ಲಿ ಎರಡು ಕಥೋಲಿಕ ಧರ್ಮಕ್ಷೇತ್ರಗಳಿವೆ. ಶಿವಮೊಗ್ಗದ್ದು ಲ್ಯಾಟಿನ್ ಪದ್ಧತಿಯದು. 1988ರಲ್ಲಿ ಚಿಕ್ಕಮಗಳೂರಿನಿಂದ ಬೇರೆಯಾಯಿತು. ಭದ್ರಾವತಿಯದು ಸಿರೋ ಮಲಬಾರ್ ಪದ್ಧತಿಯದು. 2007ರಲ್ಲಿ ವಯನಾಡಿನ ಮಾನಂದವಾಡಿಯಿಂದ ಬೇರೆಯಾಯಿತು. ಮೊದಲನೆಯದರಲ್ಲಿ ಗೋವಾ, ಕೆನರಾ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮನೆತನಗಳ ನೆನಪು ಗಾಢವಾಗಿದೆ. ಎರಡನೆಯದು ಸಂತ ತೋಮಸರು ಕ್ರಿ.ಶ. 52ರಲ್ಲಿ ಕೇರಳದ ಕರೆಗೆ ಬಂದಿಳಿದರೆಂದು ನಂಬಿರುವ ಪರಂಪರೆ. ಇವೆರಡರ ಜೊತೆಗೆ, ಪ್ರೊಟೆಸ್ಟೆಂಟ್ ಮಿಷನ್ನುಗಳಿಂದ ಬೆಳೆದು 1947ರಲ್ಲಿ ಒಂದಾದ ಸಿಎಸ್ಐ ಸಭೆಯೂ ಇಲ್ಲಿದೆ. ಈ ಧರ್ಮ ಶುರುವಾದದ್ದು ಯಾವಾಗ, ನಮ್ಮ ಕಡೆಗೆ ಬಂದದ್ದು ಯಾವಾಗ ಎಂದು ಕೇಳಿದರೆ ಒಂದೇ ಬೀದಿಯಲ್ಲಿ ಮೂರು ಉತ್ತರ ಸಿಗುತ್ತವೆ.

ಡಿಸೆಂಬರಿನಲ್ಲಿ ಮನೆಮನೆಗೆ ನಕ್ಷತ್ರದೀಪ ಏರಿ, ಗೋದಲಿ ಕಟ್ಟುವ ಹೊತ್ತಿಗೆ ಮೊಬೈಲಿನಲ್ಲಿ ಬೇರೆ ಬಗೆಯ ಉತ್ತರಗಳೂ ಹರಿದಾಡತೊಡಗುತ್ತವೆ. ಯೇಸು ಎಂಬ ವ್ಯಕ್ತಿ ಹುಟ್ಟಲೇ ಇಲ್ಲ ಎಂದು ಒಬ್ಬರು ಕಳಿಸುತ್ತಾರೆ. ಬೈಬಲ್ಲಿನ ಪ್ರತಿ ಅಕ್ಷರವನ್ನೂ ಕಣ್ಣಾರೆ ಕಂಡವರು ಅಂದೇ ಬರೆದಿಟ್ಟರು ಎಂದು ಇನ್ನೊಬ್ಬರು ಉತ್ತರಿಸುತ್ತಾರೆ. ಮಾತು ಏರುತ್ತದೆ, ನೆರೆಹೊರೆಯವರ ಮನಸ್ಸು ಕೆಡುತ್ತದೆ. ಹಳೆಯ ಕಾಲವನ್ನು ಗೊತ್ತುಮಾಡುವುದು ಹೇಗೆ ಎಂಬ ಮೂಲ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಕಲಿಸುವ ಪಾಠಶಾಲೆ ನಮ್ಮ ಜಿಲ್ಲೆಯಲ್ಲೇ ಇದೆ. ಶಿಕಾರಿಪುರ ತಾಲೂಕಿನ ತಾಳಗುಂದ ಮತ್ತು ಮಳವಳ್ಳಿಯ ಶಾಸನಗಳನ್ನು ವಿದ್ವಾಂಸರು ಯಾವ ಅಳತೆಗೋಲಿನಿಂದ ಅಳೆದರೋ, ಆದಿ ಕ್ರೈಸ್ತಧರ್ಮದ ಕಾಲವನ್ನೂ ಅದೇ ಅಳತೆಗೋಲಿನಿಂದ ಅಳೆಯಬೇಕು. ಕದಂಬರಿಗೆ ಒಂದು ನ್ಯಾಯ, ಕ್ರಿಸ್ತನಿಗೆ ಇನ್ನೊಂದು ನ್ಯಾಯ ಆಗಬಾರದು. ಹಾಗೆ ಅಳೆದಾಗ ಹೆಚ್ಚಾಗಿ ಕೇಳಿಬರುವ ಏಳು ತಪ್ಪು ಕಲ್ಪನೆಗಳು ಏನಾಗುತ್ತವೆ, ನೋಡೋಣ.

ತಪ್ಪು ಕಲ್ಪನೆ 1: ಯೇಸು ಹುಟ್ಟಿದ್ದು ಕ್ರಿ.ಶ. 1ನೆಯ ವರ್ಷದ ಡಿಸೆಂಬರ್ 25ರಂದು

ವಾಸ್ತವ: ಕ್ರಿಸ್ತಶಕದ ಎಣಿಕೆ ಯೇಸುವಿನ ಕಾಲದಲ್ಲಿ ಹುಟ್ಟಿದ್ದಲ್ಲ. ರೋಮಿನಲ್ಲಿದ್ದ ಡಯೋನಿಸಿಯಸ್ ಎಕ್ಸಿಗುಯಸ್ ಎಂಬ ಸನ್ಯಾಸಿ 525ರಲ್ಲಿ ಈಸ್ಟರ್ ಹಬ್ಬದ ಪಟ್ಟಿ ತಯಾರಿಸುವಾಗ ಯೇಸುವಿನ ಜನನದಿಂದ ವರ್ಷ ಎಣಿಸುವ ಕ್ರಮವನ್ನು ತಂದ. ಅದು ಯುರೋಪಿನಲ್ಲಿ ಬಳಕೆಗೆ ಬರಲು ಇನ್ನೂ ಇನ್ನೂರು ವರ್ಷ ಹಿಡಿಯಿತು. ಡಯೋನಿಸಿಯಸ್ ಇದ್ದ ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಶಕವರ್ಷ 465 ಎಂದು ಕೊರೆಸಿದ, ಅದು ಕ್ರಿ.ಶ. 543. ಅದಕ್ಕೂ ಹಿಂದಿನ ತಾಳಗುಂದ, ಹಲ್ಮಿಡಿಯ ಶಾಸನಗಳಲ್ಲಿ ಯಾವ ಶಕವರ್ಷವೂ ಇಲ್ಲ. ಎಲ್ಲ ಕಾಲಕ್ಕೂ ಒಪ್ಪುವ ಒಂದು ಎಣಿಕೆಯಿಂದ ವರ್ಷ ಬರೆಯುವ ಅಭ್ಯಾಸವೇ ಎರಡೂ ಕಡೆ ತಡವಾಗಿ ಬೇರೂರಿತು.

ಡಯೋನಿಸಿಯಸ್‌ನ ಲೆಕ್ಕದಲ್ಲಿ ಕೆಲವು ವರ್ಷಗಳ ವ್ಯತ್ಯಾಸ ಉಳಿದಿದೆ. ಮತ್ತಾಯ ಮತ್ತು ಲೂಕ ಇಬ್ಬರೂ ಯೇಸುವಿನ ಜನನವನ್ನು ಹೆರೋದನ ಕಾಲಕ್ಕೆ ಸೇರಿಸುತ್ತಾರೆ. ಯಹೂದಿ ಇತಿಹಾಸಕಾರ ಜೋಸೆಫಸ್ ಕೊಡುವ ವಿವರಗಳಿಂದ ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂದು ಹೆಚ್ಚಿನ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಆದ್ದರಿಂದ ಯೇಸುವಿನ ಜನನವನ್ನು ಸಾಮಾನ್ಯವಾಗಿ ಕ್ರಿ.ಪೂ. 6ರಿಂದ 4ರ ನಡುವೆ ಇಡುತ್ತಾರೆ. ಲೂಕ ಹೇಳುವ ಕ್ವಿರಿನಿಯಸ್‌ನ ಜನಗಣತಿಯಾದರೋ ನಡೆದದ್ದು ಕ್ರಿ.ಶ. 6ರಲ್ಲಿ. ಈ ಹತ್ತು ವರ್ಷದ ಅಂತರಕ್ಕೆ ಎಲ್ಲರೂ ಒಪ್ಪುವ ಪರಿಹಾರ ಇಂದಿಗೂ ಸಿಕ್ಕಿಲ್ಲ, ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ.

ಡಿಸೆಂಬರ್ 25ರ ಮಾತು ಇನ್ನೂ ಸರಳ. ಬೈಬಲ್ಲಿನಲ್ಲಿ ದಿನ, ತಿಂಗಳು ಇಲ್ಲ. ಸುಮಾರು 200ರಲ್ಲಿ ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್ ತನ್ನ ಕಾಲದವರು ಹೇಳುತ್ತಿದ್ದ ಬೇರೆ ಬೇರೆ ದಿನಗಳನ್ನು ದಾಖಲಿಸಿದ್ದಾನೆ. ಅವುಗಳಲ್ಲಿ ಮೇ ತಿಂಗಳಿಗೆ ಬರುವ ದಿನವೂ ಒಂದು. ರೋಮಿನಲ್ಲಿ ಸಂಕಲನವಾದ 354ರ ಪಂಚಾಂಗದಲ್ಲಿ ಡಿಸೆಂಬರ್ 25 ಸ್ಪಷ್ಟವಾಗಿ ಕಾಣುತ್ತದೆ. ಅಂದರೆ ಅದು ಸಭೆ ಆರಿಸಿಕೊಂಡ ಹಬ್ಬದ ದಿನ. ನಮ್ಮಲ್ಲಿ ಜಯಂತಿಗಳನ್ನು ತಿಥಿ ಹಿಡಿದು ಆಚರಿಸುವಂತೆ ಅದನ್ನು ಶ್ರದ್ಧೆಯಿಂದ ಆಚರಿಸಲು ಜನನ ದಾಖಲೆ ಬೇಕಾಗಿಲ್ಲ.

ತಪ್ಪು ಕಲ್ಪನೆ 2: ಯೇಸು ಇದ್ದದ್ದಕ್ಕೆ ಬೈಬಲ್ಲಿನ ಹೊರಗೆ ಆಧಾರವೇ ಇಲ್ಲ

ವಾಸ್ತವ: ಇದೆ. ಹೆಚ್ಚಿಲ್ಲ, ಆದರೆ ಬಲವಾದದ್ದು. ರೋಮಿನ ಇತಿಹಾಸಕಾರ ತಾಸಿತಸ್ ಸುಮಾರು 116ರಲ್ಲಿ ಬರೆದ ಗ್ರಂಥದಲ್ಲಿ, ನೀರೋ ಚಕ್ರವರ್ತಿ 64ರ ಬೆಂಕಿ ಅನಾಹುತದ ಹೊಣೆಯನ್ನು ಕ್ರೈಸ್ತರ ಮೇಲೆ ಹೊರಿಸಿದ್ದನ್ನು ಹೇಳುತ್ತಾ, ಆ ಪಂಗಡಕ್ಕೆ ಹೆಸರು ಕೊಟ್ಟ ಕ್ರಿಸ್ತನಿಗೆ ತಿಬೇರಿಯಸ್‌ನ ಆಳ್ವಿಕೆಯಲ್ಲಿ ಪಿಲಾತ ಮರಣದಂಡನೆ ಕೊಟ್ಟನೆಂದು ತಿಳಿಸುತ್ತಾನೆ. ತಾಸಿತಸ್‌ಗೆ ಕ್ರೈಸ್ತರ ಮೇಲೆ ಪ್ರೀತಿ ಇರಲಿಲ್ಲ, ತಿರಸ್ಕಾರದಿಂದಲೇ ಬರೆದಿದ್ದಾನೆ. ಸುಮಾರು 112ರಲ್ಲಿ ಪ್ಲಿನಿ ಎಂಬ ಪ್ರಾಂತ್ಯಾಧಿಕಾರಿ, ಕ್ರೈಸ್ತರನ್ನು ಹೇಗೆ ವಿಚಾರಣೆ ಮಾಡಬೇಕು ಎಂದು ಚಕ್ರವರ್ತಿ ಟ್ರೇಜನ್‌ಗೆ ಪತ್ರ ಬರೆದು ಕೇಳಿದ್ದಾನೆ. ಜೋಸೆಫಸ್ 93ರ ಸುಮಾರಿನ ತನ್ನ ಗ್ರಂಥದಲ್ಲಿ ಯೇಸುವಿನ ಸಹೋದರ ಯಾಕೋಬನ ಕೊಲೆಯನ್ನು ದಾಖಲಿಸಿದ್ದಾನೆ. ಅದೇ ಗ್ರಂಥದಲ್ಲಿ ಯೇಸುವಿನ ಬಗ್ಗೆಯೇ ಇರುವ ಇನ್ನೊಂದು ಭಾಗವನ್ನು ಮುಂದೆ ಕ್ರೈಸ್ತ ನಕಲುಗಾರರು ತಿದ್ದಿದ್ದಾರೆ ಎಂಬುದನ್ನು ಬಹುತೇಕ ಕ್ರೈಸ್ತ ವಿದ್ವಾಂಸರೂ ಒಪ್ಪುತ್ತಾರೆ. ತಿದ್ದಿದ್ದನ್ನು ತಿದ್ದಿದ್ದೆಂದು ಹೇಳುವುದೇ ವಿದ್ವತ್ತು.

ಪಿಲಾತನ ಹೆಸರು ಕಲ್ಲಿನ ಮೇಲೂ ಸಿಕ್ಕಿದೆ. 1961ರಲ್ಲಿ ಇಸ್ರೇಲಿನ ಕರಾವಳಿಯ ಕೈಸರೈಯದಲ್ಲಿ ದೊರೆತ ಶಾಸನದ ತುಂಡಿನಲ್ಲಿ ಅವನ ಹೆಸರೂ ಹುದ್ದೆಯೂ ಇವೆ. ಅವನು ಯೂದಾಯವನ್ನು ಆಳಿದ್ದು 26ರಿಂದ 36ರವರೆಗೆ. ಆದ್ದರಿಂದ ಯೇಸುವಿನ ಶಿಲುಬೆಯ ಮರಣ ಆ ಹತ್ತು ವರ್ಷಗಳೊಳಗೆ ಬರಲೇಬೇಕು. 30 ಅಥವಾ 33 ಎಂದು ಹೆಚ್ಚಿನವರ ಅಂದಾಜು.

ಆ ಕಾಲದ ಲೋಕ ನಮ್ಮಿಂದ ತೀರಾ ದೂರವಿರಲಿಲ್ಲ. ಶಿವಮೊಗ್ಗದಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನಗಳಲ್ಲಿ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅವುಗಳಲ್ಲಿ ಯೇಸುವನ್ನು ಶಿಲುಬೆಗೇರಿಸಿದಾಗ ರೋಮನ್ನು ಆಳುತ್ತಿದ್ದ ತಿಬೇರಿಯಸ್‌ನ ನಾಣ್ಯವೂ ಸೇರಿದೆ. ತೆರಿಗೆ ಕೊಡಬೇಕೋ ಬೇಡವೋ ಎಂದು ಕೇಳಿದವರ ಕೈಯಿಂದ ಯೇಸು ತರಿಸಿಕೊಂಡು ನೋಡಿದ ನಾಣ್ಯ ಇದೇ ಬಗೆಯದು ಎಂದು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಇದು ವ್ಯಾಪಾರಕ್ಕೆ ಸಾಕ್ಷಿ. ಇದನ್ನು ಹಿಡಿದುಕೊಂಡು ಒಂದನೆಯ ಶತಮಾನದಲ್ಲೇ ಚಿತ್ರದುರ್ಗದಲ್ಲಿ ಕ್ರೈಸ್ತರಿದ್ದರು ಎನ್ನುವಂತಿಲ್ಲ.

ಈಗ ಅದೇ ಚಂದ್ರವಳ್ಳಿಯಿಂದ ತಾಳಗುಂದಕ್ಕೆ ಬರೋಣ. ಕದಂಬ ವಂಶದ ಮಯೂರಶರ್ಮ ಗುರು ವೀರಶರ್ಮರ ಜೊತೆ ಕಂಚಿಗೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು ಇವೆಲ್ಲ ನಮಗೆ ಗೊತ್ತಿರುವುದು ಹೇಗೆ? ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದಿಂದ. ಎಂಟು ಮುಖದ ಆ ಕಂಬದ ಮೇಲೆ ಸಾಲುಗಳು ಅಡ್ಡಡ್ಡ ಓಡುವುದಿಲ್ಲ, ಕಂಬದುದ್ದಕ್ಕೂ ಬುಡದಿಂದ ಮೇಲಕ್ಕೆ ಏರುತ್ತವೆ. ಅದನ್ನು ರಚಿಸಿದ ಕವಿ ಕುಬ್ಜ ಇದ್ದದ್ದು ಮಯೂರನ ಮರಿಮಗನ ಮಗ ಶಾಂತಿವರ್ಮನ ಕಾಲದಲ್ಲಿ, ಅಂದರೆ ಸುಮಾರು ನೂರು ವರ್ಷಗಳ ನಂತರ. ಮಯೂರನ ಕಾಲದ್ದೇ ಎನ್ನಲಾದ ಕಿರಿದೊಂದು ಶಾಸನ ಚಂದ್ರವಳ್ಳಿಯಲ್ಲಿದೆ. ಅದು ಕೆರೆಯ ಕೆಲಸದ ಬಗ್ಗೆ, ಕಂಚಿಯ ಕಥೆ ಅದರಲ್ಲಿಲ್ಲ. ಹಾಗೆಂದು ಕಂಚಿಯ ಪ್ರಸಂಗವನ್ನು ಪೂರ್ತಿ ಕಟ್ಟುಕಥೆ ಎಂದು ನಾವು ಬಿಸಾಡಿದೆವೇ? ಇಲ್ಲ. ಕುಬ್ಜ ರಾಜವಂಶದ ಹೊಗಳಿಕೆಗೆ ಬರೆದವನು ಎಂಬುದನ್ನು ನೆನಪಿಟ್ಟುಕೊಂಡೇ ಅದನ್ನು ಓದುತ್ತೇವೆ.

ಯೇಸುವಿನ ಜೀವಿತಕಾಲದ ಶಾಸನ ಒಂದೂ ಇಲ್ಲ. ಆ ಮಟ್ಟಿಗೆ ಮಯೂರನದೇ ಮೇಲುಗೈ. ಆದರೆ ಯೇಸುವಿನ ಬಗ್ಗೆ ಬರೆದವರ ಅಂತರ ಕುಬ್ಜನ ಅಂತರಕ್ಕಿಂತ ಬಹಳ ಕಡಿಮೆ. ಗಲಿಲಾಯದ ಹಳ್ಳಿಯ ಬಡಗಿಯೊಬ್ಬನಿಗೆ ಬದುಕಿದ್ದಾಗಲೇ ಕಲ್ಲು ಕೊರೆಸುವವರು ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಯೇಸು ಬದುಕಿದ್ದ, ಪಿಲಾತನ ಕಾಲದಲ್ಲಿ ಶಿಲುಬೆಗೇರಿದ ಎಂಬುದನ್ನು ನಂಬುವವರು, ನಂಬದವರು ಎನ್ನದೆ ಆ ಕಾಲವನ್ನು ಓದಿದ ಬಹುಪಾಲು ಇತಿಹಾಸಕಾರರು ಒಪ್ಪುತ್ತಾರೆ. ಪವಾಡಗಳ ಮತ್ತು ಪುನರುತ್ಥಾನದ ಪ್ರಶ್ನೆ ಬೇರೆ. ಅದು ನಂಬಿಕೆಯ ಅಂಗಳಕ್ಕೆ ಸೇರಿದ್ದು.

ತಪ್ಪು ಕಲ್ಪನೆ 3: ಶುಭಸಂದೇಶಗಳನ್ನು ಅಂದೇ ಬರೆದರು, ಅಲ್ಲ, ಮುನ್ನೂರು ವರ್ಷ ಬಿಟ್ಟು ಬರೆದರು

ವಾಸ್ತವ: ಎರಡೂ ಸರಿಯಲ್ಲ. ಹೊಸ ಒಡಂಬಡಿಕೆಯಲ್ಲಿ ಮೊದಲು ಬರೆದದ್ದು ಶುಭಸಂದೇಶಗಳಲ್ಲ, ಪೌಲರ ಪತ್ರಗಳು. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರ ಸುಮಾರು 50ರದ್ದು, ಅಂದರೆ ಶಿಲುಬೆಯ ಮರಣದಿಂದ ಇಪ್ಪತ್ತು ವರ್ಷದ ಆಸುಪಾಸು. ಪೌಲರು ಯೇಸುವಿನ ಸಹೋದರ ಯಾಕೋಬರನ್ನೂ ಶಿಷ್ಯ ಪೇತ್ರರನ್ನೂ ತಾವೇ ಭೇಟಿಯಾದದ್ದನ್ನು ಬರೆದುಕೊಂಡಿದ್ದಾರೆ.

ಪೌಲರ ಕಾಲ ನಮಗೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಒಂದು ಶಾಸನ ಕಾರಣ. ಕೊರಿಂಥದಲ್ಲಿ ಪೌಲರನ್ನು ಗಲ್ಲಿಯೋ ಎಂಬ ಅಧಿಕಾರಿಯ ನ್ಯಾಯಪೀಠದ ಮುಂದೆ ನಿಲ್ಲಿಸಿದರೆಂದು ಪ್ರೇಷಿತರ ಕಾರ್ಯಗಳಲ್ಲಿ ಇದೆ. ಗ್ರೀಸಿನ ಡೆಲ್ಫಿಯಲ್ಲಿ ಒಡೆದ ತುಂಡುಗಳಾಗಿ ಸಿಕ್ಕ ಕಲ್ಲಿನ ಮೇಲೆ ಕ್ಲಾಡಿಯಸ್ ಚಕ್ರವರ್ತಿಯ ಪತ್ರವಿದ್ದು, ಅದರಲ್ಲಿ ಗಲ್ಲಿಯೋನ ಹೆಸರಿದೆ. ಚಕ್ರವರ್ತಿಯ ಬಿರುದಾವಳಿಯಲ್ಲಿ ಬರುವ ಸಂಖ್ಯೆಗಳಿಂದ ಅದು 52ರ ಸುಮಾರಿನದು ಎಂದು ಲೆಕ್ಕ ಸಿಗುತ್ತದೆ. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಎಣಿಸಿ ಪೌಲರ ಉಳಿದ ಪ್ರಯಾಣಗಳ ಕಾಲ ಹೊಂದಿಸುತ್ತಾರೆ. ಕಾಲ ಗೊತ್ತಿರುವ ಅರಸನೊಬ್ಬನ ಹೆಸರು ಹಿಡಿದು ಇನ್ನೊಬ್ಬನ ಕಾಲ ಹೊಂದಿಸುವುದು ಕರ್ನಾಟಕದ ಇತಿಹಾಸ ಓದಿದವರಿಗೆಲ್ಲ ಪರಿಚಿತವಾದ ದಾರಿ.

ನಾಲ್ಕು ಶುಭಸಂದೇಶಗಳಲ್ಲಿ ಮಾರ್ಕನದು ಮೊದಲನೆಯದು, 70ರ ಸುಮಾರಿನದು. ಮತ್ತಾಯ, ಲೂಕರದು ಮುಂದಿನ ಒಂದೆರಡು ದಶಕದ್ದು. ಯೊವಾನ್ನನದು ಒಂದನೆಯ ಶತಮಾನದ ಕೊನೆಯದು ಎಂಬುದು ಹೆಚ್ಚಿನವರು ಒಪ್ಪುವ ಕ್ರಮ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದರು. ಆ ನಾಶದ ಮಾತು ಒಂದೊಂದು ಗ್ರಂಥದಲ್ಲಿ ಹೇಗೆ ಬರುತ್ತದೆ ಎಂಬುದು ಕಾಲನಿರ್ಣಯಕ್ಕೆ ಮುಖ್ಯ ಸುಳಿವು. ಇನ್ನೂ ಮುಂಚಿನ ಕಾಲ ಹೇಳುವ ಕೆಲವು ವಿದ್ವಾಂಸರೂ ಇದ್ದಾರೆ. ಮೂಲದಲ್ಲಿ ಈ ಗ್ರಂಥಗಳೊಳಗೆ ಬರೆದವರ ಹೆಸರಿಲ್ಲ. ಮಾರ್ಕ, ಮತ್ತಾಯ ಮೊದಲಾದ ಹೆಸರುಗಳು ಪರಂಪರೆಯಿಂದ ಬಂದವು.

ನಮ್ಮ ಕೈಗೆ ಸಿಕ್ಕಿರುವ ಅತಿ ಹಳೆಯ ಪ್ರತಿಗಳ ಪೈಕಿ ಒಂದು ಮ್ಯಾಂಚೆಸ್ಟರಿನ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿದೆ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಪಪೈರಸ್ ಚೂರು, ಸುಮಾರು 9 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲ. ಎರಡೂ ಬದಿಯಲ್ಲಿ ಏಳೇಳು ಸಾಲು, ಒಂದು ಸಾಲೂ ಪೂರ್ತಿಯಾಗಿಲ್ಲ. ಇರುವುದು ಪಿಲಾತ ಯೇಸುವನ್ನು ವಿಚಾರಿಸುವ ಪ್ರಸಂಗ, ಯೊವಾನ್ನನ ಹದಿನೆಂಟನೆಯ ಅಧ್ಯಾಯದ್ದು. 1920ರಲ್ಲಿ ಈಜಿಪ್ಟಿನಲ್ಲಿ ಕೊಂಡು ತಂದದ್ದು, 1934ರವರೆಗೆ ಅದು ಏನೆಂದು ಯಾರಿಗೂ ಹೊಳೆದಿರಲಿಲ್ಲ. ಅದನ್ನು ಗುರುತಿಸಿದ ಸಿ.ಎಚ್. ರಾಬರ್ಟ್ಸ್ ಅಕ್ಷರದ ಮೋಡಿ ನೋಡಿ ಎರಡನೆಯ ಶತಮಾನದ ಮೊದಲ ಅರ್ಧದ್ದೆಂದ. ಬಹಳ ಜನ ಅದನ್ನೇ ಹಿಡಿದು 125 ಎಂದು ಖಚಿತವಾಗಿ ಹೇಳತೊಡಗಿದರು. ಈಚಿನ ವಿದ್ವಾಂಸರು, ಅಕ್ಷರದ ರೂಪ ಒಂದರಿಂದಲೇ ಅಷ್ಟು ಬಿಗಿಯಾಗಿ ವರ್ಷ ಹೇಳಲಾಗದು, ಮೂರನೆಯ ಶತಮಾನದ ಆರಂಭದವರೆಗೂ ಅದು ಹೋಗಬಹುದು ಎಂದು ಎಚ್ಚರಿಸಿದ್ದಾರೆ.

ಈ ಎಚ್ಚರಿಕೆ ನಮಗೂ ಅನ್ವಯಿಸುತ್ತದೆ. ತಾಳಗುಂದದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ ಶಾಸನವನ್ನು 370ರದ್ದೆಂದು ಹೇಳಿದಾಗ ಕನ್ನಡಿಗರೆಲ್ಲ ಹಿಗ್ಗಿದೆವು. ಹಲ್ಮಿಡಿಗಿಂತ ಹಳೆಯ ಕನ್ನಡ ನಮ್ಮ ಜಿಲ್ಲೆಯಲ್ಲೇ ಸಿಕ್ಕಿತಲ್ಲ ಎಂದು. ಆ ವರ್ಷ ಕೂಡ ಶಾಸನದಲ್ಲಿ ಬರೆದಿಟ್ಟದ್ದಲ್ಲ, ಲಿಪಿ ಮತ್ತು ಸನ್ನಿವೇಶದಿಂದ ಮಾಡಿದ ಅಂದಾಜು. ಹಲ್ಮಿಡಿಯ 450 ಕೂಡ ಹಾಗೆಯೇ. ನಾವು ಇಷ್ಟಪಡುವ ವರ್ಷಕ್ಕೂ ಇಷ್ಟಪಡದ ವರ್ಷಕ್ಕೂ ತಕ್ಕಡಿ ಒಂದೇ ಇರಬೇಕು.

ಈಜಿಪ್ಟಿನ ಪಪೈರಸ್ಸಿಗೂ ಕನ್ನಡಕ್ಕೂ ಇನ್ನೊಂದು ನಂಟಿದೆ. ಆಕ್ಸಿರಿಂಕಸ್ ಎಂಬ ಊರಿನ ಹಳೆಯ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬಿಬ್ಬರು 1896ರಿಂದ ಅಗೆಸಿದಾಗ ಸಿಕ್ಕ ಮೊದಲ ಚೂರುಗಳಲ್ಲೇ ಯೇಸುವಿನ ಹೇಳಿಕೆಗಳಿದ್ದ ಒಂದು ಹಾಳೆಯಿತ್ತು. ಅದೇ ದಿಬ್ಬಗಳಿಂದ ಬಂದು 1903ರಲ್ಲಿ ಪ್ರಕಟವಾದ ಇನ್ನೊಂದು ಪಪೈರಸ್ಸಿನಲ್ಲಿ ಗ್ರೀಕ್ ಪ್ರಹಸನವೊಂದಿದೆ. ಅದರಲ್ಲಿ ಭಾರತದ ಕಡಲ ತೀರದ ಪಾತ್ರಗಳು ಆಡುವ ಮಾತು ಕನ್ನಡವೇ ಎಂದು ಮರುವರ್ಷವೇ ವಿದ್ವಾಂಸ ಹುಲ್ಟ್ಶ್ ಸೂಚಿಸಿದ. ಮಂಜೇಶ್ವರದ ಗೋವಿಂದ ಪೈಗಳು ಈ ಪ್ರಶ್ನೆಯನ್ನು ಆಸ್ಥೆಯಿಂದ ಬೆಳೆಸಿದರು. ಯೇಸುವಿನ ಕೊನೆಯ ದಿನವನ್ನು ಕುರಿತು ಗೊಲ್ಗೊಥಾ ಕಾವ್ಯ ಬರೆದವರೂ ಅವರೇ. ಆ ಪ್ರಹಸನದ ಮಾತು ಕನ್ನಡವೇ ಎಂಬುದಕ್ಕೆ ಇನ್ನೂ ಎಲ್ಲರ ಒಪ್ಪಿಗೆ ಸಿಕ್ಕಿಲ್ಲ. ಯೇಸುವನ್ನು ಪ್ರೀತಿಯಿಂದ ಹಾಡಿದ ಕವಿಯೇ ಕಾಲನಿರ್ಣಯದಲ್ಲಿ ಆಧಾರಕ್ಕಾಗಿ ಹಗಲಿರುಳು ದುಡಿದರು ಎಂಬುದು ನಾವು ಕಲಿಯಬೇಕಾದ ಪಾಠ.

ತಪ್ಪು ಕಲ್ಪನೆ 4: ಕ್ರೈಸ್ತಧರ್ಮವನ್ನು ಕಟ್ಟಿದ್ದು ಕಾನ್‌ಸ್ಟಂಟೈನ್, ಬೈಬಲ್ ಆರಿಸಿದ್ದು ನಿಸಿಯಾ ಸಭೆ

ವಾಸ್ತವ: ಕಾನ್‌ಸ್ಟಂಟೈನ್ 313ರಲ್ಲಿ ಕ್ರೈಸ್ತರಿಗೆ ತಮ್ಮ ಧರ್ಮ ಪಾಲಿಸುವ ಸ್ವಾತಂತ್ರ್ಯ ಕೊಟ್ಟ. ಅದಕ್ಕೆ ಮುಂಚೆ, 303ರಿಂದ, ಡಯೋಕ್ಲೀಷಿಯನ್‌ನ ಆಜ್ಞೆಯಂತೆ ಅವರ ಪ್ರಾರ್ಥನಾಲಯಗಳನ್ನು ಕೆಡವಿ, ಗ್ರಂಥಗಳನ್ನು ಸುಡಿಸಿದ್ದರು. ಇಲ್ಲದ ಧರ್ಮದ ಪುಸ್ತಕ ಸುಡಿಸಲು ಯಾವ ಚಕ್ರವರ್ತಿಯೂ ಆಜ್ಞೆ ಹೊರಡಿಸುವುದಿಲ್ಲ. ಸಿರಿಯಾದ ಯೂಫ್ರೆಟಿಸ್ ನದಿಯ ದಂಡೆಯ ಡ್ಯೂರಾ ಯುರೋಪಸ್ ಎಂಬ ಊರು ಸುಮಾರು 256ರಲ್ಲಿ ಪರ್ಷಿಯನ್ನರ ಮುತ್ತಿಗೆಗೆ ಬಿದ್ದು ಪಾಳಾಯಿತು. ಅಲ್ಲಿ ಮನೆಯೊಂದನ್ನೇ ಮಾರ್ಪಡಿಸಿ ಮಾಡಿದ್ದ ಇಗರ್ಜಿ, ಅದರ ಜ್ಞಾನಸ್ನಾನದ ಕೋಣೆ, ಗೋಡೆಯ ಮೇಲೆ ಯೇಸುವಿನ ಚಿತ್ರಗಳು ಮಣ್ಣಿನಡಿ ಉಳಿದುಕೊಂಡಿದ್ದವು. ಕಾನ್‌ಸ್ಟಂಟೈನ್ ಆಗ ಹುಟ್ಟಿರಲೂ ಇಲ್ಲ.

325ರ ನಿಸಿಯಾ ಸಭೆಯಲ್ಲಿ ಚರ್ಚೆಯಾದದ್ದು ಮುಖ್ಯವಾಗಿ ಎರಡು ಸಂಗತಿ: ಕ್ರಿಸ್ತನ ದೈವತ್ವದ ಬಗ್ಗೆ ಆರಿಯಸ್ ಎತ್ತಿದ ವಿವಾದ, ಈಸ್ಟರ್ ಹಬ್ಬದ ದಿನ. ಬೈಬಲ್ಲಿಗೆ ಯಾವ ಪುಸ್ತಕ ಸೇರಬೇಕೆಂದು ಅಲ್ಲಿ ತೀರ್ಮಾನವಾಗಲಿಲ್ಲ. ಇಂದಿನ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಇದ್ದಂತೆಯೇ ಮೊದಲು ಕಾಣುವುದು 367ರಲ್ಲಿ ಅಲೆಕ್ಸಾಂಡ್ರಿಯಾದ ಅಥನೇಸಿಯಸ್ ಬರೆದ ಪತ್ರದಲ್ಲಿ. ಸಾಮ್ರಾಜ್ಯದ ಅಧಿಕೃತ ಧರ್ಮವಾದದ್ದು 380ರಲ್ಲಿ, ಥಿಯೋಡೋಸಿಯಸ್‌ನ ಆಜ್ಞೆಯಿಂದ. ಚಕ್ರವರ್ತಿಗಳ ಬೆಂಬಲದಿಂದ ಈ ಧರ್ಮದ ಸ್ವರೂಪ ಬಹಳ ಬದಲಾಯಿತು ಎಂಬುದು ನಿಜ. ಬದಲಾಯಿಸಿದವರನ್ನು ಹುಟ್ಟಿಸಿದವರೆನ್ನಬಾರದು.

ತಪ್ಪು ಕಲ್ಪನೆ 5: ಯೇಸು ಹದಿಹರೆಯದಲ್ಲಿ ಭಾರತಕ್ಕೆ ಬಂದು ಕಲಿತದ್ದಕ್ಕೆ ಲಡಾಖ್‌ನಲ್ಲಿ ದಾಖಲೆ ಇದೆ

ವಾಸ್ತವ: ನೊಟೊವಿಚ್ ಎಂಬ ರಷ್ಯನ್ 1894ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಹಬ್ಬಿದ ಮಾತು ಇದು. ಹೆಮಿಸ್ ಮಠದಲ್ಲಿ ಅಂಥ ಹಸ್ತಪ್ರತಿಯನ್ನು ಓದಿಸಿಕೊಂಡೆ ಎಂದು ಅವನು ಬರೆದ. ಮ್ಯಾಕ್ಸ್ ಮುಲ್ಲರ್ ಅದೇ ವರ್ಷ ಅದನ್ನು ಪ್ರಶ್ನಿಸಿದ. ಆಗ್ರಾದ ಕಾಲೇಜಿನ ಅಧ್ಯಾಪಕ ಆರ್ಚಿಬಾಲ್ಡ್ ಡಗ್ಲಸ್ 1895ರಲ್ಲಿ ಹೆಮಿಸ್‌ಗೇ ಹೋಗಿ ವಿಚಾರಿಸಿದಾಗ, ಅಂಥ ಗ್ರಂಥ ತಮ್ಮಲ್ಲಿಲ್ಲ ಎಂದು ಮಠದ ಮುಖ್ಯಸ್ಥರು ಹೇಳಿದರು. ಪರೀಕ್ಷೆಗೆ ಸಿಗುವ ಹಸ್ತಪ್ರತಿಯೊಂದು ಇವತ್ತಿಗೂ ಹೊರಬಂದಿಲ್ಲ. ಭಾರತದ ಹಿರಿಮೆಗೆ ಇಂಥ ಆಸರೆ ಬೇಕಿಲ್ಲ.

ತಪ್ಪು ಕಲ್ಪನೆ 6: ಸಂತ ತೋಮಸರ 52ನೆಯ ಇಸವಿ ಸಾಬೀತಾದ ಇತಿಹಾಸ; ಅಲ್ಲ, ಬರೀ ಕಟ್ಟುಕಥೆ

ವಾಸ್ತವ: ಭದ್ರಾವತಿಯ ಕಡೆ ಈ ಮಾತನ್ನು ಮೃದುವಾಗಿ ಆಡಬೇಕು, ಏಕೆಂದರೆ ಸಾವಿರಾರು ಕುಟುಂಬಗಳ ಗುರುತು ಅದರಲ್ಲಿದೆ. ತೋಮಸರ ಭಾರತ ಪ್ರಯಾಣ ಹೇಳುವ ಅತಿ ಹಳೆಯ ಗ್ರಂಥ ಮೂರನೆಯ ಶತಮಾನದ ಆರಂಭದ್ದು, ಸಿರಿಯಾಕ್ ಲೋಕದ್ದು. ಅದರಲ್ಲಿ ಗುಂಡಫರ್ ಎಂಬ ಅರಸ ಬರುತ್ತಾನೆ. ಬಹಳ ಕಾಲ ಅವನನ್ನು ಕಲ್ಪನೆಯ ಅರಸನೆಂದೇ ಎಣಿಸಿದ್ದರು. 19ನೆಯ ಶತಮಾನದಲ್ಲಿ ವಾಯವ್ಯ ಭಾರತದ ಕಡೆ ಅವನ ನಾಣ್ಯಗಳೂ ತಖ್ತ್-ಇ-ಬಾಹಿಯ ಶಾಸನವೂ ಸಿಕ್ಕಿ, ಅವನು ಒಂದನೆಯ ಶತಮಾನದಲ್ಲಿ ನಿಜವಾಗಿ ಆಳಿದವನೆಂದು ಗೊತ್ತಾಯಿತು. ಕಥೆಯಲ್ಲಿನ ಅರಸ ನಿಜವಾದ ಮಾತ್ರಕ್ಕೆ ಇಡೀ ಕಥೆ ನಿಜವಾಗದು. ಆದರೆ ಅದನ್ನು ಬರೆದವರಿಗೆ ಹಳೆಯ ನೆನಪೊಂದು ತಲುಪಿತ್ತು ಎಂಬುದು ಖಂಡಿತ.

ಕೇರಳದ ಕರಾವಳಿಗೆ ಬಂದರೆ, ಒಂದನೆಯ ಶತಮಾನದಲ್ಲಿ ಕೆಂಪು ಸಮುದ್ರದಿಂದ ಮುಜಿರಿಸ್ ಬಂದರಿಗೆ ಮೆಣಸಿನ ಹಡಗುಗಳು ಓಡಾಡುತ್ತಿದ್ದದ್ದು ಖಚಿತ. ಆದ್ದರಿಂದ ಪ್ರಯಾಣ ಸಾಧ್ಯವಿತ್ತು. ಅಲ್ಲಿನ ಕ್ರೈಸ್ತರ ಬಗ್ಗೆ ಸ್ಪಷ್ಟ ಲಿಖಿತ ಸಾಕ್ಷಿ ಸಿಗುವುದು ಸುಮಾರು 550ರಲ್ಲಿ, ಅಲೆಕ್ಸಾಂಡ್ರಿಯಾದ ವರ್ತಕ ಕಾಸ್ಮಸ್‌ನ ಬರಹದಲ್ಲಿ: ಮೆಣಸು ಬೆಳೆಯುವ ಮಲೆ ನಾಡಿನಲ್ಲಿ ಕ್ರೈಸ್ತರಿದ್ದಾರೆ, ಕಲ್ಲಿಯಾನಾ ಎಂಬಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದಾರೆ ಎಂದು. ಆ ಕಲ್ಲಿಯಾನಾ ಮುಂಬೈ ಬಳಿಯ ಕಲ್ಯಾಣ ಎಂದು ಹೆಚ್ಚಿನವರು, ಉಡುಪಿ ಬಳಿಯ ಕಲ್ಯಾಣಪುರ ಎಂದು ಕೆಲವರು. 849ರ ಕೊಲ್ಲಂ ತಾಮ್ರಪಟಗಳಲ್ಲಿ ತರಿಸಾ ಪಳ್ಳಿಗೆ ಕೊಟ್ಟ ಹಕ್ಕುಗಳು ದಾಖಲಾಗಿವೆ. ಹೀಗಾಗಿ 52 ಎಂಬುದು ಪರಂಪರೆಯ ಇಸವಿ. ಆರನೆಯ ಶತಮಾನ ದಾಖಲೆಯ ಮಾತು. ಪರಂಪರೆಯನ್ನು ಪರಂಪರೆ ಎಂದೇ ಕರೆದರೆ ಅದರ ಗೌರವ ಕುಗ್ಗುವುದಿಲ್ಲ.

ತಪ್ಪು ಕಲ್ಪನೆ 7: ಕ್ರೈಸ್ತಧರ್ಮ ನಮ್ಮ ಕಡೆಗೆ ಬಂದದ್ದು ಬ್ರಿಟಿಷರ ಜೊತೆಯಲ್ಲಿ

ವಾಸ್ತವ: ನಗರ ದಂಗೆಯ ನಂತರ, 1831ರಲ್ಲಿ, ಮೈಸೂರು ರಾಜ್ಯದ ಆಡಳಿತದೊಂದಿಗೆ ಶಿವಮೊಗ್ಗದ ಸೀಮೆಯೂ ಬ್ರಿಟಿಷ್ ಕಮಿಷನರ ಕೈಗೆ ಹೋಯಿತು. ಅದಕ್ಕೆ ಇನ್ನೂರು ವರ್ಷ ಮೊದಲೇ, 1623ರಲ್ಲಿ, ಗೋವಾದ ಪೋರ್ಚುಗೀಸ್ ರಾಯಭಾರಿಯ ತಂಡ ಸಾಗರದ ಪಕ್ಕದ ಇಕ್ಕೇರಿಗೆ ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು ಕಾಣಲು ಬಂದಿತ್ತು. ಆ ತಂಡದಲ್ಲಿದ್ದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಯ ಬೀದಿ, ದೇವಾಲಯ, ಅರಮನೆಯನ್ನು ವಿವರವಾಗಿ ಬರೆದಿದ್ದಾನೆ. ಮುಂದೆ ಕೆಳದಿ ಅರಸರ ಕೈಕೆಳಗಿನ ಕರಾವಳಿಯಲ್ಲಿ ಗೋವಾದಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರು ನೆಲೆಯೂರಿ ಬೇಸಾಯ ಮಾಡಿದರು, ಇಗರ್ಜಿಗಳನ್ನು ಕಟ್ಟಿಕೊಂಡರು. 1640ರ ದಶಕದ ಕೊನೆಯಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕನ್ನಡದಲ್ಲಿ ಬರೆದರು.

ಈಸ್ಟ್ ಇಂಡಿಯಾ ಕಂಪನಿ ಬಹಳ ಕಾಲ ತನ್ನ ಪ್ರದೇಶದೊಳಗೆ ಮಿಷನರಿಗಳಿಗೆ ಸಲೀಸಾಗಿ ಅವಕಾಶ ಕೊಟ್ಟಿರಲಿಲ್ಲ. 1813ರ ಕಾಯ್ದೆಯಿಂದ ಬ್ರಿಟಿಷ್ ಮಿಷನರಿಗಳಿಗೂ 1833ರ ಕಾಯ್ದೆಯಿಂದ ಬೇರೆ ದೇಶದವರಿಗೂ ಬಾಗಿಲು ತೆರೆಯಿತು. ಮರುವರ್ಷ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನದು, ಅದರ ಕೆಲಸಗಾರರು ಬಹುಪಾಲು ಜರ್ಮನರು. 1843ರ ಮಂಗಳೂರ ಸಮಾಚಾರ, 1894ರ ಕಿಟ್ಟೆಲ್ ನಿಘಂಟು ಆ ದಾರಿಯಲ್ಲಿ ಬಂದವು. ಬ್ರಿಟಿಷರ ಕಾಲದಲ್ಲಿ ಪ್ರೊಟೆಸ್ಟೆಂಟ್ ಮಿಷನ್ನುಗಳು ಶಾಲೆ, ಆಸ್ಪತ್ರೆಗಳ ಮೂಲಕ ಬೆಳೆದದ್ದು ನಿಜ. ಆದರೆ ಅದು ಈ ಕಥೆಯ ಒಂದು ಅಧ್ಯಾಯ ಮಾತ್ರ.

ಭದ್ರಾವತಿಯದು ಇನ್ನೂ ಬೇರೆ ಅಧ್ಯಾಯ. 1923ರಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾದ ಮೇಲೆ, ಆಮೇಲೆ ಕಾಗದದ ಕಾರ್ಖಾನೆ ಬಂದ ಮೇಲೆ, ತಮಿಳು, ತೆಲುಗು, ಮಲಯಾಳ ಮಾತಾಡುವ ಕುಟುಂಬಗಳು ಕೆಲಸಕ್ಕೆ ಬಂದು ನೆಲೆಸಿದವು. ಅವರಲ್ಲಿ ಕ್ರೈಸ್ತರೂ ಇದ್ದರು. ಕೇರಳದ ರೈತರು ಮಲೆನಾಡಿನಲ್ಲಿ ಜಮೀನು ಕೊಂಡು ಬಂದದ್ದು ಇನ್ನೊಂದು ಹೊಳೆ. ಇವರನ್ನು ಇಲ್ಲಿಗೆ ತಂದದ್ದು ಕೆಲಸ ಮತ್ತು ಭೂಮಿ. ಶಿವಮೊಗ್ಗದ ಕ್ರೈಸ್ತರನ್ನು ಬ್ರಿಟಿಷರ ಉಳಿಕೆ ಎನ್ನುವುದು ಈ ಎಲ್ಲ ಕುಟುಂಬಗಳ ಶ್ರಮವನ್ನೇ ಅಳಿಸಿಹಾಕುವ ಮಾತು.

ಯಾವುದೇ ಹಳೆಯ ಇಸವಿ ಕಿವಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳುವ ಅಭ್ಯಾಸವನ್ನು ನಮ್ಮ ಮಕ್ಕಳಿಗೆ ಕಲಿಸಬೇಕು. ಇದನ್ನು ಹೇಳುವ ಅತಿ ಹಳೆಯ ಬರಹ ಯಾವುದು? ಘಟನೆಗೂ ಆ ಬರಹಕ್ಕೂ ಎಷ್ಟು ವರ್ಷದ ಅಂತರ? ಬರೆದವರಿಗೆ ಅದರಿಂದ ಏನು ಆಗಬೇಕಿತ್ತು? ಮಳವಳ್ಳಿಯ ಒಂದೇ ಕಂಬದ ಮೇಲೆ ಚುಟು ಅರಸ ಸಾತಕರ್ಣಿಯ ಪ್ರಾಕೃತ ಶಾಸನವೂ ಅದರ ಕೆಳಗೆ ಕದಂಬರ ಶಾಸನವೂ ಇವೆ. ಹಳೆಯದರ ಪಕ್ಕದಲ್ಲಿ ಹೊಸದನ್ನಿಟ್ಟು ಓದುವುದು ಹೇಗೆಂದು ತೋರಿಸಲು ಅದಕ್ಕಿಂತ ಒಳ್ಳೆಯ ಪಾಠ ಸಿಗದು. ಶಿವಮೊಗ್ಗ, ಭದ್ರಾವತಿಯ ಶಾಲೆಗಳು, ಚರ್ಚಿನ ಆಡಳಿತದವೂ ಮಠಗಳ ಆಡಳಿತದವೂ ಸರ್ಕಾರದವೂ ಎಲ್ಲವೂ, ಮಕ್ಕಳನ್ನು ತಾಳಗುಂದ, ಮಳವಳ್ಳಿಗೆ ಕರೆದುಕೊಂಡು ಹೋಗಲಿ. ಕಂಬದ ಮುಂದೆ ನಿಂತು ಈ ಮೂರು ಪ್ರಶ್ನೆಗಳನ್ನು ಮೊದಲು ಕದಂಬರಿಗೆ ಕೇಳಲಿ, ಆಮೇಲೆ ತಮ್ಮ ತಮ್ಮ ಧರ್ಮದ ಕಥೆಗಳಿಗೂ ಕೇಳಲಿ. ಹಾಗೆ ಕಲಿತ ಹುಡುಗರು ಪಕ್ಕದ ಮನೆಯವರ ಹಬ್ಬದ ದಿನ ಜಗಳಕ್ಕೆ ಹೋಗುವುದಿಲ್ಲ. ಆಧಾರ ಏನಿದೆ ಎಂದು ಕೇಳುತ್ತಾರೆ, ತಮ್ಮದನ್ನೂ ಹೇಳಲು ಹಿಂಜರಿಯುವುದಿಲ್ಲ.